ಉಜ್ಜನಪ್ಪನ ಮ್ಯಾಚಿಂಗ್

ಬ್ರೇಕು ಚಕ್ರಕ್ಕೆ ಉಜ್ಜುತ್ತಿದ್ದರೆ ಭದ್ರಾವತಿ ಹಳೇನಗರದವರು ಉಜ್ಜನಪ್ಪನ ಹತ್ತಿರ ಹೋಗುತ್ತಿದ್ದರು. ಹೆಸರೇ ಬೋರ್ಡು. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫಿಟರ್ ಆಗಿದ್ದು, ಸ್ವಯಂನಿವೃತ್ತಿ ಪಡೆದು ಸೈಕಲ್ ಶಾಪ್ ಇಟ್ಟವನು. ಒಂದು ಕಂಪನಿಯ ಪೆಡಲಿಗೆ ಇನ್ನೊಂದರ ಚೈನು, ಮೂರನೆಯದರ ಫ್ರೀವೀಲು ಕೂಡಿಸಿ ಓಡಿಸುವುದರಲ್ಲಿ ಅವನದು ಎತ್ತಿದ ಕೈ. ಊರಿನ ಮದುವೆ ದಲ್ಲಾಳಿಯೂ ಅಷ್ಟು ಜೋಡಿ ಕೂಡಿಸಿರಲಿಲ್ಲ.

“ಜಾತಕ ಕೂಡದಿದ್ರೂ ಸಂಸಾರ ಮಾಡಿಸ್ತೀನಿ. ಎಲ್ಲ ಸರಿ ಮಾಡ್ತೀನಿ ಬಿಡಿ” ಎಂಬುದು ಅವನ ಮಾತು.

ಒಬ್ಬಳೇ ಮಗಳು ಸುಮನಾ. ಗುಡ್ಡದ ಹಾದಿಯಲ್ಲಿ ಸೈಕಲ್ ಓಡಿಸುವುದರಲ್ಲಿ ಜಿಲ್ಲೆಗೇ ಮೊದಲು. 2008ರಲ್ಲಿ ಗಾಜನೂರಿನ ಹತ್ತಿರ ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಅವಳಿಗೆ ಹದಿನೆಂಟು, ಅದೇ ಕೊನೆಯ ಅವಕಾಶ. ಇನ್ನೊಂದು ವಾರವಿದೆ ಎನ್ನುವಾಗ ಅವಳು ಅಭ್ಯಾಸದಲ್ಲಿ ಬಿದ್ದು, ಮುಂದಿನ ಬ್ರೇಕಿನ ಹಿಡಿ ಮುರಿಯಿತು. ಅದು ತಂತಿಯ ಬ್ರೇಕಲ್ಲ, ಎಣ್ಣೆಯ ಒತ್ತಡದಿಂದ ಡಿಸ್ಕನ್ನು ಹಿಡಿಯುವಂಥದು. ಆ ಕಂಪನಿಯ ಹಿಡಿ ಶಿವಮೊಗ್ಗದಲ್ಲೂ ಸಿಗಲಿಲ್ಲ. ಉಜ್ಜನಪ್ಪ ಬೇರೆ ಕಂಪನಿಯ ಹಳೆಯ ಹಿಡಿಯೊಂದನ್ನು ಹುಡುಕಿ ತಂದು ಕೂಡಿಸಿ, ಕಾರಿಗೆ ಹಾಕುವ ಬ್ರೇಕ್ ಆಯಿಲ್ ತುಂಬಿದ.

“ಅಪ್ಪಾಜಿ, ಎರಡೂ ಬೇರೆ ಬೇರೆ ಕಂಪನಿದಲ್ವಾ?”

“ನಾನೂ ನಿಮ್ಮವ್ವನೂ ಒಂದೇ ಕಂಪನಿನಾ ಮಾರಾಯ್ತಿ? ಗಾಡಿ ನಡೀತಿಲ್ವಾ? ಎಣ್ಣೆ ಎಣ್ಣೇನೇ.”

“ನಡೀತಿಲ್ಲ, ನಾನು ತಳ್ತಿದೀನಿ” ಎಂದಳು ಒಳಗಿಂದ ಹೆಂಡತಿ ಉಮಾಮಹೇಶ್ವರಿ.

ಒಂದು ಬೆರಳಲ್ಲಿ ಒತ್ತಿದರೆ ಸಾಕು, ಚಕ್ರ ನಿಲ್ಲುತ್ತಿತ್ತು. ಆಯ್ಕೆಯ ದಿನ ಉಜ್ಜನಪ್ಪ ಕಂಡಕಂಡವರಿಗೆ ಅದರದೇ ಕಥೆ ಹೇಳುತ್ತ ನಿಂತಿದ್ದ. ಎರಡು ಸುತ್ತು ಸುಮನಾ ಮುಂದಿದ್ದಳು. ಮೂರನೆಯದರಲ್ಲಿ ಒಬ್ಬೊಬ್ಬರೇ ಅವಳನ್ನು ದಾಟಿದರು. ಎಲ್ಲರಾದ ಮೇಲೆ ಅವಳು ಬೆವರಿಳಿಸುತ್ತ ಬಂದಳು.

“ಕಾಲು ಸೋತುಹೋಯ್ತು ಅಪ್ಪಾಜಿ.”

“ಹೋಗ್ಲಿ ಬಿಡವ್ವ. ಸೈಕಲ್ ಏನೂ ಕೈ ಕೊಡ್ಲಿಲ್ವಲ್ಲ.”

ಊರಿನಲ್ಲಿ ಕೇಳಿದವರಿಗೂ ಅದನ್ನೇ ಹೇಳಿದ: ಗಾಡಿ ಫಸ್ಟ್ ಕ್ಲಾಸು, ಹುಡುಗಿಗೆ ದಮ್ಮು ಸಾಲಲಿಲ್ಲ. ಸುಮನಾ ಸೈಕಲ್ಲನ್ನು ತಾನೇ ಕೊಕ್ಕೆಗೆ ನೇತುಹಾಕಿ, ಯಾರೂ ಮುಟ್ಟಬೇಡಿ ಎಂದಳು. ಶಿವಮೊಗ್ಗದ ಗಾಂಧಿ ಬಜಾರಿನ ಮ್ಯಾಚಿಂಗ್ ಸೆಂಟರಿನಲ್ಲಿ, ಸೀರೆಗೆ ಒಪ್ಪುವ ರವಿಕೆ ಬಟ್ಟೆ ಹುಡುಕಿಕೊಡುವ ಕೆಲಸಕ್ಕೆ ಸೇರಿದಳು.

ಎರಡು ವರ್ಷದ ಮೇಲೆ ಅವಳೇ “ಸೈಕಲ್ ಯಾರಿಗಾದ್ರೂ ಕೊಟ್ಬಿಡಿ” ಎಂದಳು. ಇಳಿಸಿ ನೋಡಿದರೆ ಮುಂದಿನ ಚಕ್ರ ತಿರುಗಲೊಲ್ಲದು. ಉಜ್ಜನಪ್ಪ ಹಿಡಿ ಬಿಚ್ಚಿದ. ಒಳಗಿನ ರಬ್ಬರ್ ರಿಂಗು ನೆನೆಹಾಕಿದ ಕಡಲೆಯಂತೆ ಊದಿತ್ತು. ಒಮ್ಮೆ ಒತ್ತಿದ ಬ್ರೇಕು ಬಿಟ್ಟಿರಲೇ ಇಲ್ಲ. ಎಣ್ಣೆ ತುಂಬುವ ಮುಚ್ಚಳದ ಜಿಡ್ಡು ಉಜ್ಜಿದ. ಇಂಗ್ಲಿಷಿನ ಸಣ್ಣಕ್ಷರ ಎದ್ದು ಬಂತು: ಮಿನರಲ್ ಆಯಿಲ್ ಮಾತ್ರ. ಕಾರಿನ ಎಣ್ಣೆಯ ಜಾತಿಯೇ ಬೇರೆ, ಅದಕ್ಕೇ ರಬ್ಬರು ಊದಿತ್ತು. ಊರಿನ ಸೈಕಲ್ಲೆಲ್ಲ ಉಜ್ಜಿದವನು ಅದೊಂದನ್ನು ಉಜ್ಜಿ ಓದಿರಲಿಲ್ಲ. ಆಯ್ಕೆಯ ದಿನ ಬ್ರೇಕು ಹಿಡಿದ ಗಾಡಿಯನ್ನೇ ಮಗಳು ಗುಡ್ಡದ ಏರು ಹತ್ತಿಸಿದ್ದಳು.

ರಿಂಗನ್ನು ಜೇಬಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ಅಂಗಡಿಯ ಬಾಗಿಲಲ್ಲೇ ನಿಂತು ಅದನ್ನು ಮಗಳ ಮುಂದೆ ಹಿಡಿದ.

“ಸೋತಿದ್ದು ಕಾಲಲ್ಲ ಕಣವ್ವ, ಇದು.”

ಸುಮನಾ ಮುಟ್ಟಲಿಲ್ಲ. “ಅವತ್ತೇ ಗೊತ್ತಿತ್ತು ಅಪ್ಪಾಜಿ.”

“ಒಂದ್ಮಾತು ಹೇಳ್ಬಾರ್ದಿತ್ತಾ?”

“ಅಷ್ಟು ಜನಕ್ಕೆ ‘ನಾನು ಕೂಡಿಸಿದ ಬ್ರೇಕ್ ನೋಡಿ’ ಅಂತಿದ್ರಲ್ಲ, ಹೆಂಗೆ ಹೇಳ್ಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟ್ರಲ್ಲಿ ನೀವು ಊರಿಗೆಲ್ಲ ನನಗೆ ದಮ್ಮಿಲ್ಲ ಅಂದಾಗಿತ್ತು.”

“ಹೊಸ ಬ್ರೇಕ್ ತರಿಸ್ತೀನಿ ಮಗಳೇ. ಎಲ್ಲ ಸರಿ ಮಾಡ್ತೀನಿ.”

“ನನಗೆ ಇಪ್ಪತ್ತಾಯ್ತು ಅಪ್ಪಾಜಿ.”

ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಸೀರೆಯ ಮೇಲೆ ಬಟ್ಟೆಯ ತುಂಡು ಹಿಡಿದು ಕೇಳಿದಳು: “ಇದು ಕೂಡುತ್ತೇನಮ್ಮ?”

“ಟ್ಯೂಬ್‌ಲೈಟಲ್ಲಿ ಎಲ್ಲ ಕೂಡೋ ಹಂಗೇ ಕಾಣುತ್ತಮ್ಮ. ಬಿಸಿಲಲ್ಲಿ ನೋಡ್ಬೇಕು” ಎನ್ನುತ್ತ ಸುಮನಾ ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಬಂದಳು.

“ಅಪ್ಪಾಜಿ, ಸ್ವಲ್ಪ ಸರೀರಿ. ಬೆಳಕಿಗೆ ಅಡ್ಡ ನಿಂತಿದೀರ.”

ಉಜ್ಜನಪ್ಪ ಸರಿದ.