ಓದುವ ಕೋಣೆಯ ಚಿಲಕ

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಓದಲೆಂದೇ ಒಂದು ಪುಟ್ಟ ಕೋಣೆಯಿತ್ತು. ಅದರ ನಿಯಮಗಳನ್ನು ವಿಶ್ವವಿದ್ಯಾಲಯದ ಲೈಬ್ರರಿಯಿಂದ ಹಾಗೇ ಎತ್ತಿಕೊಂಡು ಬಂದು ಗೋಡೆಗೆ ಅಂಟಿಸಿದ್ದರು. ಒಬ್ಬರಿಗೇ ಕೋಣೆ ಕೊಡುವುದಿಲ್ಲ, ತಿಂಡಿ ತರಕೂಡದು, ಗಟ್ಟಿಯಾಗಿ ಓದಕೂಡದು, ಒಳಗಿನಿಂದ ಚಿಲಕ ಹಾಕಲೇಕೂಡದು. ಕೊನೆಯದರ ಕೆಳಗೆ ಕೆಂಪು ಗೆರೆ. ಹುಡುಗರೂ ಹುಡುಗಿಯರೂ ಓದುವ ಕಾಲೇಜಿನಲ್ಲಿ ಆ ಗೆರೆ ಏಕೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನನಗಂತೂ ಆ ಕೋಣೆ ಬೇಕೇಬೇಕಿತ್ತು. ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ದೊಡ್ಡದಾದಂತೆ ಅವನ್ನು ಸಾಕುವ ಬಿದಿರ ತಟ್ಟೆಗಳು ನಡುಮನೆ ದಾಟಿ ಪಡಸಾಲೆಗೂ ಬರುತ್ತಿದ್ದವು, ಮನುಷ್ಯರು ಉಳಿದ ಜಾಗದಲ್ಲಿ ಮುದುರಿಕೊಳ್ಳಬೇಕು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಊಜಿ ನೊಣದ ಕಾಟ ಬೇರೆ. ಅದು ಒಳಗೆ ನುಗ್ಗಿ ಹುಳದ ಮೇಲೆ ಮೊಟ್ಟೆಯಿಟ್ಟರೆ ಬೆಳೆ ಹೋದಂತೆಯೇ. ಕಿಟಕಿಗಳಿಗೆಲ್ಲ ಜಾಲರಿ ಹೊಡೆಸಿದ್ದ ಅಪ್ಪ, ಒಳಗೆ ಬಂದವರು ತಕ್ಷಣ ಬಾಗಿಲು ಹಾಕಿ ಚಿಲಕ ಸಿಕ್ಕಿಸಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಮರೆತರೆ ಮನೆ ಹಾರಿಹೋಗುವಂತೆ ಬೈಗುಳ.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂತು. ರಸಾಯನಶಾಸ್ತ್ರಕ್ಕೆ ಲೈಬ್ರರಿಯಲ್ಲಿದ್ದದ್ದು ಒಂದೇ ಒಳ್ಳೆಯ ಪುಸ್ತಕ. ಅದು ನನಗೂ ಬೇಕಿತ್ತು, ನನ್ನ ತರಗತಿಯಲ್ಲಿದ್ದ ಶಿಡ್ಲಘಟ್ಟದ ಬಟ್ಟೆ ಅಂಗಡಿಯವರ ಮಗನಿಗೂ ಬೇಕಿತ್ತು. ಅವನದು ಮನೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ, ಪುಸ್ತಕ ತೆರೆದರೆ ಬಾಯಿಗೆ ಬೀಗ. ಹುಡುಗ ಹುಡುಗಿ ಎಂದು ನೋಡದೆ ಇಬ್ಬರೂ ಸೇರಿ ಕೋಣೆ ಕೇಳಿದೆವು. ಅವನು ಮುಂದೆ ಹೋದ, ನಾನು ಹಿಂದೆ. ಕೂತು ಇನ್ನೂ ಒಂದು ಪುಟ ಮುಗಿದಿರಲಿಲ್ಲ, ಯಾರೋ ಬಾಗಿಲು ದಬದಬ ಬಡಿಯತೊಡಗಿದರು. ನೋಡಿದರೆ ಚಿಲಕ ಹಾಕಿದೆ! ತೆರೆದರೆ ಎದುರಿಗೆ ಲೈಬ್ರೇರಿಯನ್, ಅವರ ಹಿಂದೆ ಕತ್ತು ಉದ್ದ ಮಾಡಿದ ನಾಲ್ಕಾರು ಮುಖ.

"ಚಿಲಕ ಯಾರು ಹಾಕಿದ್ದು?"

"ನಾನೇ ಸಾರ್. ಮನೇಲಿ ಊಜಿ ನೊಣ ಬರ್ತದೆ ಅಂತ... ಅಭ್ಯಾಸ."

ಹಿಂದಿನ ಮುಖಗಳು ಗೊಳ್ಳೆಂದು ನಕ್ಕವು. ಲೈಬ್ರೇರಿಯನ್ ನಗಲಿಲ್ಲ. "ಲೈಬ್ರರೀಲಿ ಯಾವ ಹುಳ ಸಾಕಿದೀವಮ್ಮ? ನಾಳೆ ನಿಮ್ಮಪ್ಪನ್ನ ಕರ್ಕೊಂಡ್ಬಾ."

ಬಸ್ಸಿನಲ್ಲಿ ಊರು ಬರುವುದೇ ಬೇಡವೆನಿಸಿತು. ದೊಡ್ಡಪ್ಪನೊಡನೆ ಜಗಳವಾಡಿ ನನ್ನನ್ನು ಕಾಲೇಜಿಗೆ ಸೇರಿಸಿದ್ದ ಅಪ್ಪ, ಅವತ್ತೇ ಹೇಳಿದ್ದರು: "ಒಂದು ಮಾತು ಬಂತು ಅಂದ್ರೆ ಬಿಡಿಸಿಬಿಡ್ತೀನಿ ಕಣಮ್ಮ." ಈಗ ಮಾತು ಬಂದಿತ್ತು. ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅಪ್ಪನ ಮುಂದೆ ನಿಂತು ಪುಸ್ತಕ, ಹುಡುಗ, ಚಿಲಕ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. "ನಾಳೆ ಬರ್ತೀನಿ" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರುದಿನ ಬಸ್ಸಿನಲ್ಲೂ ಅವರು ಕಿಟಕಿಯಾಚೆಗೇ ನೋಡುತ್ತಿದ್ದರು. ನಂಬಿದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇದೇ ಕೊನೆಯ ಸಲ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿರುವುದು ಎಂದುಕೊಂಡೆ.

ಲೈಬ್ರರಿಯ ಮೆಟ್ಟಿಲ ಬಳಿ ಆ ಹುಡುಗ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಅಪ್ಪ ಅವನನ್ನು ಒಮ್ಮೆ ನೋಡಿ ಮೆಟ್ಟಿಲು ಹತ್ತಿದರು.

ಲೈಬ್ರೇರಿಯನ್ ಅಪ್ಪನಿಗೆ ಎಲ್ಲವನ್ನೂ ಇನ್ನೊಮ್ಮೆ ಒಪ್ಪಿಸಿ, "ಬನ್ನಿ ಯಜಮಾನ್ರೇ, ನೀವೇ ನೋಡಿ" ಎಂದು ಕೋಣೆಗೆ ನಡೆದರು. ಅವರ ಹಿಂದೆ ನಾನು, ಕೊನೆಗೆ ಅಪ್ಪ.

"ಗೋಡೆ ಮೇಲೆ ಇಷ್ಟು ದಪ್ಪಕ್ಷರದಲ್ಲಿ ಬರೆದಿದೀವಿ. ಆದ್ರೂ ಈ ಹುಡುಗಿ..."

ಹಿಂದೆ ಟಕ್ಕೆಂದು ಸದ್ದಾಯಿತು.

ಲೈಬ್ರೇರಿಯನ್ ತಿರುಗಿ ನೋಡಿದರು. ಬಾಗಿಲು ಮುಚ್ಚಿತ್ತು, ಅಪ್ಪನ ಕೈ ಇನ್ನೂ ಚಿಲಕದ ಮೇಲೇ ಇತ್ತು. ಅಪ್ಪ ಆ ಕೈಯನ್ನು ನೋಡಿದರು, ಆಮೇಲೆ ನನ್ನನ್ನು. ನನಗೆ ಅಳು ಬಂದುಬಿಟ್ಟಿತು.

ಅವರು ಮೆಲ್ಲಗೆ ಚಿಲಕ ತೆಗೆದು ಬಾಗಿಲನ್ನು ಗೋಡೆಗೆ ತಾಗುವವರೆಗೂ ತಳ್ಳಿದರು.

"ಆ ಹುಡುಗನ್ನೂ ಕರಿಯಮ್ಮ," ಅಂದರು. "ಪುಸ್ತಕ ಒಂದೇ ಇರೋದು ಅಂದ್ಯಲ್ಲ."