ಸೇವಂತಿಗೆ ಹಿಡಿದವಳು

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಕ್ಕ ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಚಿತ್ರಕಲೆಯ ಡಿಪ್ಲೊಮಾ ಓದುತ್ತಿದ್ದಳು. ಕೊನೆಯ ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ಜಪಾನಿನ ಮರದಚ್ಚಿನ ಚಿತ್ರಗಳ ಮಾದರಿ: ಕಾಲಕ್ಕೊಂದು ಹೂವು, ಹೂವಿನ ಜೊತೆಗೊಬ್ಬಳು ಹೆಂಗಸು. ಮೂರು ಮುಗಿದಿದ್ದವು. ನಾಲ್ಕನೆಯದು, ಶರತ್ಕಾಲದ ಸೇವಂತಿಗೆ ಹಿಡಿದವಳು. ನಾಲ್ಕೂ ಅಂದು ಮಧ್ಯಾಹ್ನ ಹನ್ನೆರಡರೊಳಗೆ ಕಾಲೇಜು ತಲುಪಬೇಕಿತ್ತು. ಫೇಲಾದರೆ ಓದು ಅಲ್ಲಿಗೆ ಸಾಕು ಎಂದು ಅಪ್ಪ ಮೊದಲೇ ಹೇಳಿದ್ದರು.

ಬೆಳಿಗ್ಗೆ ಏಳಕ್ಕೆ ಅಕ್ಕ ಕೆತ್ತಿದ ಹಲಗೆಗೆ ಮಸಿ ಸವರಿ, ಕಾಗದ ಹೊದಿಸಿ, ಸೌಟಿನ ಬೆನ್ನಿನಿಂದ ಉಜ್ಜಿ ಮೊದಲ ಪ್ರತಿ ತೆಗೆದಳು. ನಾನು ಅದನ್ನು ಉಳಿದ ಮೂರರ ಪಕ್ಕದಲ್ಲಿಟ್ಟು ನೋಡಿದೆ.

"ಅಕ್ಕಾ, ಕತ್ತಿನ ಹತ್ರ ಇವಳದ್ದು ಬೇರೆ ಥರ ಇದೆ."

ಅಕ್ಕ ನೋಡಿದವಳೇ ನೆಲಕ್ಕೆ ಕುಳಿತಳು. ಚಿತ್ರ ಬರೆದ ಕಾಗದವನ್ನು ಹಲಗೆಗೆ ಬೋರಲಾಗಿ ಅಂಟಿಸಿ ಕೆತ್ತಬೇಕು. ಆಗಲೇ ಅಚ್ಚು ನೇರ ಬರುವುದು. ಈ ಸಲ ಅವಸರದಲ್ಲಿ ಅಂಗಾತ ಅಂಟಿಸಿದ್ದಳು. ಹೆಂಗಸು ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಟ್ಟಿದ್ದಳು. ಅವಳು ತೊಟ್ಟ ಜಪಾನಿ ಉಡುಪು ಕಿಮೊನೊದಲ್ಲಿ ಎದೆಯ ಮೇಲೆ ಎಡಗಡೆಯ ಅಂಚು ಮೇಲೆ ಬರಬೇಕು. ಹೀಗೆ ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ ಎಂದು ಮೇಷ್ಟ್ರು ಪಾಠದಲ್ಲೇ ಹೇಳಿದ್ದರಂತೆ.

ತಿಥಿ ಮಾಡಿಸಲು ಹೊರಟಿದ್ದ ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಪಿತೃಗಳಿಗೆ ಮಾಡುವಾಗ ಜನಿವಾರವನ್ನು ಬಲ ಹೆಗಲಿಗೆ ಬದಲಿಸಿಕೊಳ್ಳಲು ಹೇಳುವ ಪುರೋಹಿತರಾದ ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

"ಬದುಕಿರೋಳಿಗೆ ಹೀಗೆ ಉಡಿಸಿದೀಯಲ್ಲೇ! ಅಳಿಸ್ಹಾಕು."

"ಮರ ಕಣಪ್ಪಾ ಇದು, ಸ್ಲೇಟಲ್ಲ."

ಕೆತ್ತಿ ತೆಗೆದದ್ದನ್ನು ಮತ್ತೆ ತುಂಬಲಾಗದು. ಇನ್ನಷ್ಟು ಕೆತ್ತಬಹುದು, ಅಷ್ಟೇ; ಕೆತ್ತಿದಲ್ಲಿ ಮಸಿ ಹತ್ತದೆ ಬಿಳಿ ಬರುತ್ತದೆ. ಎಂಟೂವರೆಯ ಬಸ್ಸು ಹೋಯಿತು. ಅಕ್ಕ ಉಳಿ ಎತ್ತಿಕೊಂಡು, ಹೆಂಗಸಿನ ಎದೆಯ ಮೇಲಿನ ಕಪ್ಪು ಬಟ್ಟೆಯಲ್ಲಿ ಎಸಳು ಎಸಳಾಗಿ ಸೇವಂತಿಗೆ ಬಿಡಿಸತೊಡಗಿದಳು. ಒಮ್ಮೆ ಉಳಿ ಜಾರಿ ಬೆರಳು ಕೊಯ್ದಿತು. ಹಲಗೆಗೆ ರಕ್ತ ತಾಗದಂತೆ ನಾನು ಬಟ್ಟೆ ಸುತ್ತಿದೆ. ಹತ್ತೂಕಾಲಿಗೆ ಎರಡನೆಯ ಪ್ರತಿ ಬಂತು. ಅಂಚುಗಳು ಕೂಡುವ ಜಾಗ ಬಿಳಿ ಹೂವುಗಳಡಿ ಮುಚ್ಚಿಹೋಗಿತ್ತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಪರೀಕ್ಷಕರು ಚಿತ್ರವನ್ನು ಎತ್ತಿ ಹಿಡಿದರು.

"ಏನಮ್ಮಾ, ಹೂವನ್ನ ಇಷ್ಟೊಂದು ಅವುಚ್ಕೊಂಡಿದಾಳೆ?"

"ನಂಜನಗೂಡು ಬಸ್ಸು ಸಾರ್, ತುಂಬಾ ರಶ್ಶು."

ಅವರು ನಗಲಿಲ್ಲ. ಉಳಿದ ಮೂರನ್ನೂ ಪಕ್ಕದಲ್ಲಿಟ್ಟು, ಒಂದೊಂದರ ಕತ್ತಿನ ಬಳಿಯೂ ಬೆರಳಿಟ್ಟು ನೋಡಿದರು. ನಾಲ್ಕನೆಯದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪಾಸು ಎಂದು ಬರೆದು ಸಹಿ ಹಾಕಿದರು.

ಸಂಜೆ ಮನೆಗೆ ಬಂದಾಗ ಮೊದಲ ಪ್ರತಿ ಇಟ್ಟ ಜಾಗದಲ್ಲಿ ಇರಲಿಲ್ಲ. ಅಪ್ಪನನ್ನು ಕೇಳಿದೆ.

"ಯಾರ ಮನೆ ಮಗಳೋ ಏನೋ," ಎಂದರು. "ಪಿಂಡದ ಜೊತೇಲೇ ಹೊಳೆಗೆ ಬಿಟ್ಟೆ."