ಗುಡ್‌ನೈಟಪ್ಪನ ಚಿಲಕ

ಅವನ ನಿಜವಾದ ಹೆಸರು ಆಸ್ಪತ್ರೆಯವರಿಗೆ ನೆನಪಾಗುತ್ತಿದ್ದದ್ದು ಸಂಬಳದ ದಿನ ಮಾತ್ರ. ಉಳಿದ ದಿನವೆಲ್ಲ ಅವನು ಗುಡ್‌ನೈಟಪ್ಪ. ರೋಗಿಗಳನ್ನು ಸ್ಟ್ರೆಚರಿನ ಮೇಲೆ ವಾರ್ಡಿನಿಂದ ಆಪರೇಷನ್ ಥಿಯೇಟರಿನ ಬಾಗಿಲತನಕ ತಳ್ಳಿಕೊಂಡು ಹೋಗುವುದು ಅವನ ಕೆಲಸ. ಬಾಗಿಲ ಬಳಿ ಬ್ರೇಕು ಒತ್ತಿ, ಹೊದಿಕೆಯನ್ನು ರೋಗಿಯ ಗದ್ದದವರೆಗೆ ಎಳೆದು, ಕಿವಿಯ ಹತ್ತಿರ ಬಗ್ಗಿ, ಹೊರಗೆ ಬಿಸಿಲು ಚುರುಗುಟ್ಟುತ್ತಿರುವಾಗಲೇ "ಗುಡ್ ನೈಟ್" ಎನ್ನುತ್ತಿದ್ದ.

ಎಲ್ಲರಿಗೂ ಒಂದೇ ಸೌಟಿನಲ್ಲಿ ಬಡಿಸುವ ಆಸಾಮಿಯೂ ಅಲ್ಲ. ಮಕ್ಕಳಿಗಾದರೆ "ಸ್ಲೀಪ್ ಟೈಟ್." ಹಲ್ಲುದುರಿದ ಅಜ್ಜಿಯರಿಗೆ "ಸ್ವೀಟ್ ಡ್ರೀಮ್ಸ್." ಟೈ ಕಟ್ಟುವ ಪೈಕಿಯವರಿಗೆ "ಹ್ಯಾವ್ ಎ ರೆಸ್ಟ್‌ಫುಲ್ ನೈಟ್ ಸರ್." ಹೊಟ್ಟೆ ಕೊಯ್ಯುವಂಥ ಭಾರಿ ಆಪರೇಷನ್ನಿನವರಿಗೆಂದೇ ಎತ್ತಿಟ್ಟಿದ್ದ ಮಾತು "ಸೀ ಯೂ ಇನ್ ದ ಮಾರ್ನಿಂಗ್." ಈ ಸರಕೆಲ್ಲ ಬಂದದ್ದು ಅವನ ಭಾವಮೈದನಿಂದ. ಆ ಪುಣ್ಯಾತ್ಮ ದಿನಾ ಸಂಜೆ ನೆಂಟರಿಷ್ಟರ ಫೋನಿಗೆಲ್ಲ ಗುಲಾಬಿ ಹೂವು, ಟೋಪಿ ಹಾಕಿದ ಚಂದ್ರ, ಆಕಳಿಸುವ ಬೆಕ್ಕಿನ ಮರಿ, ಅವುಗಳ ಕೆಳಗೊಂದು ಇಂಗ್ಲಿಷ್ ಮಾತು ಕಳಿಸುತ್ತಿದ್ದ. ಬೇರೆಯವರು ನೋಡದೆ ಅಳಿಸಿ ಹಾಕುತ್ತಿದ್ದದ್ದನ್ನು ಇವನು ಬಾಯಿಪಾಠ ಮಾಡುತ್ತಿದ್ದ.

"ಕನ್ನಡದಲ್ಲಿ ಹೇಳೋಕೆ ಏನು ರೋಗ ನಿಂಗೆ?" ಎಂದು ಇನ್ನೊಂದು ಸ್ಟ್ರೆಚರಿನ ಉದ್ದಣ್ಣ ಕೆಣಕುತ್ತಿದ್ದ.

"ಏನಂತ ಹೇಳ್ಲಿ? ಶುಭರಾತ್ರಿ ಅಂದ್ರೆ ಟೀವೀಲಿ ವಾರ್ತೆ ಮುಗಿದ ಹಾಗಿರುತ್ತೆ. ಮಲ್ಕೊಳ್ಳಿ ಅಂದ್ರೆ ಗದರಿಸಿದ ಹಾಗಿರುತ್ತೆ. ಹೋಗ್ಬನ್ನಿ ಅನ್ನೋದು ಆ ಬಾಗ್ಲಲ್ಲಿ ನಿಂತು ಹೇಳೋ ಮಾತಾ?"

ಇಂಗ್ಲಿಷಿನ ಜಂಬ ಎಂದೇ ಎಲ್ಲರೂ ತಿಳಿದಿದ್ದರು. ಜಂಬ ಇರಲಿಲ್ಲವೆಂದಲ್ಲ. ಆದರೆ ಅವನ ಹೊಟ್ಟೆಯಲ್ಲಿ ಇನ್ನೊಂದು ಮಾತಿತ್ತು, ಯಾರಿಗೂ ಬಾಯಿಬಿಟ್ಟಿರಲಿಲ್ಲ. ಅವನು ಗುಡ್ ನೈಟ್ ಹೇಳಿ ಒಳಗೆ ಬಿಟ್ಟವರೆಲ್ಲ ಕಣ್ಣು ಬಿಟ್ಟುಕೊಂಡೇ ಹೊರಗೆ ಬಂದಿದ್ದರು. ಒಬ್ಬರೂ ತಪ್ಪಿರಲಿಲ್ಲ. ಡಾಕ್ಟರರ ಕೈಗುಣ ಇದ್ದೀತು, ಅವನು ಬೇಡ ಎನ್ನುತ್ತಿರಲಿಲ್ಲ. ಆದರೂ ಹೇಳದೆ ಬಿಟ್ಟು ಪರೀಕ್ಷೆ ಮಾಡುವ ಧೈರ್ಯ ಅವನಿಗಿರಲಿಲ್ಲ.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು, ಪಿತ್ತಕೋಶದಲ್ಲಿ ಕಲ್ಲು ತುಂಬಿಕೊಂಡ ಒಬ್ಬ ಮರದ ವ್ಯಾಪಾರಿ ಬರುವವರೆಗೆ. ಗುಡ್ ನೈಟ್, ಸೀ ಯೂ ಇನ್ ದ ಮಾರ್ನಿಂಗ್ ಎಂದದ್ದೇ ತಡ, ಆ ಮನುಷ್ಯ ಸ್ಟ್ರೆಚರಿನ ಮೇಲೆ ಎದ್ದು ಕುಳಿತ.

"ಈಗ್ಲೇ ಬೆಳಿಗ್ಗೆ ಅಲ್ವೇನಯ್ಯ? ಯಾವ ಬೆಳಿಗ್ಗೆ? ಡಾಕ್ಟ್ರು ನಿಂಗೇನು ಹೇಳಿದಾರೆ, ನಿಜ ಹೇಳು."

"ಏನೂ ಹೇಳಿಲ್ಲ ಸ್ವಾಮಿ, ಇದು ನಾನೇ..."

ಮುಂದಿನದನ್ನು ಕೇಳುವ ವ್ಯವಧಾನ ವ್ಯಾಪಾರಿಗಿರಲಿಲ್ಲ. ಧುಮುಕಿದವನೇ, ಬೆನ್ನಿಗೆ ಗುಂಡಿಯಿಲ್ಲದ ಹಸಿರು ಗೌನಿನಲ್ಲಿ ಔಷಧಿ ಅಂಗಡಿ, ಬಿಲ್ ಕೌಂಟರು, ಹೊರರೋಗಿಗಳ ಬೆಂಚು ಎಲ್ಲ ದಾಟಿ ಗೇಟಿನತನಕ ಓಡಿದ. ಎದುರಿನಿಂದ ನೋಡಿದವರು ಗಾಬರಿಯಾದರು. ಹಿಂದಿನಿಂದ ನೋಡಿದವರು ಮುಖ ತಿರುಗಿಸಿಕೊಂಡರು.

ವಾರ್ಡುಗಳನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುವ ದೊಡ್ಡ ಸಿಸ್ಟರು ಅವನನ್ನು ಕರೆಸಿದರು.

"ನೋಡಪ್ಪಾ, ಇನ್ನೊಂದ್ಸಲ ನಿನ್ನ ಗುಡ್ ನೈಟು ನನ್ನ ಕಿವಿಗೆ ಬಿದ್ರೆ ನೆಲಮಾಳಿಗೆ ಲಾಂಡ್ರಿಗೆ ಹಾಕಿಸ್ತೀನಿ. ಅಲ್ಲಿ ಕೂತು ಬೆಡ್‌ಶೀಟುಗಳಿಗೆ ಹೇಳ್ಕೊ. ನಿನ್ನ ಜೊತೆಯವರಿಗೂ ಇದೇ ಮಾತು."

ಅಂದಿನಿಂದ ಗುಡ್‌ನೈಟಪ್ಪ ಸದ್ದಿಲ್ಲದೆ ಬರೀ ತುಟಿ ಅಲ್ಲಾಡಿಸತೊಡಗಿದ. ರೋಗಿಗಳು ಇವನಿಗೇನೋ ವಾಯುವಿನ ತೊಂದರೆ ಎಂದುಕೊಂಡು ಸುಮ್ಮನಾದರು.

ಹೀಗಿರುವಾಗ ಅವನಿಗೇ ಸರದಿ ಬಂತು. ಆಯುಷ್ಯವೆಲ್ಲ ಭಾರ ತಳ್ಳಿ ತಳ್ಳಿ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತ್ತು. ಮುಚ್ಚಿಟ್ಟಷ್ಟೂ ದಿನ ಮುಚ್ಚಿಟ್ಟ. ಕೊನೆಗೆ ಡಾಕ್ಟರು ಹಿಡಿದೇ ಬಿಟ್ಟರು: ಹರ್ನಿಯಾ, ಕೊಯ್ಯಲೇಬೇಕು. ಊರಿಗೆಲ್ಲ ಧೈರ್ಯ ಹಂಚಿದವನಿಗೇ ಧೈರ್ಯ ಸಾಲದಾಯಿತು. ಕೊಯ್ಯುವುದಕ್ಕೆ ಅವನು ಅಂಜಲಿಲ್ಲ. ತನಗೆ ಗುಡ್ ನೈಟ್ ಹೇಳುವವರು ಯಾರು? ಅದೊಂದೇ ಚಿಂತೆ. ತನಗೆ ತಾನೇ ಹೇಳಿಕೊಂಡರೆ ಲೆಕ್ಕಕ್ಕೆ ಬರುತ್ತದೆಯೇ? ತನ್ನ ಸ್ಟ್ರೆಚರನ್ನು ತಾನೇ ತಳ್ಳಿಕೊಳ್ಳಲಾಗುತ್ತದೆಯೇ?

ಉದ್ದಣ್ಣನನ್ನು ಮೂಲೆಗೆ ಕರೆದು ಕೇಳಿಕೊಂಡ.

"ನಿನಗಾಗಿ ರಕ್ತ ಬೇಕಾದ್ರೆ ಕೊಡ್ತೀನಿ ಮಾರಾಯ," ಎಂದ ಉದ್ದಣ್ಣ. "ಆ ಮಾತು ಮಾತ್ರ ಕೇಳ್ಬೇಡ. ಲಾಂಡ್ರಿ ಸೂರು ಎಷ್ಟು ತಗ್ಗು ಗೊತ್ತಲ್ಲ. ನಾನು ಅಲ್ಲಿ ನಿಲ್ಲೋಕೂ ಆಗಲ್ಲ."

ಉಳಿದವಳು ಹೆಂಡತಿ. ಅವಳದು ಬೀದಿಗೆ ಮುಖಮಾಡಿದ ಕೋಣೆಯಲ್ಲಿ ಇಸ್ತ್ರಿ ಅಂಗಡಿ. ಮದುವೆಯಾದಾಗಿನಿಂದ ದೀಪ ಆರಿಸುವ ಹೊತ್ತಿಗೆ ಗಂಡ ಗುಡ್ ನೈಟ್ ಎನ್ನುವುದು, ಅವಳು ಅದನ್ನು ಕಿವಿಯ ಮೇಲೇ ಹಾಕಿಕೊಳ್ಳದೆ "ಚಿಲ್ಕ ಹಾಕಿದ್ರಾ?" ಎನ್ನುವುದು. "ಹಾಕಿದೀನಿ." "ಗ್ಯಾಸು?" "ನೋಡಿದೀನಿ." ಅಷ್ಟಾದ ಮೇಲೆ ಇಬ್ಬರೂ ಮಗ್ಗುಲು ಬದಲಿಸಿದರೆ ಆಯಿತು, ನಿದ್ದೆ. ಒಂದು ದಿನವಾದರೂ ತಿರುಗಿ ಗುಡ್ ನೈಟ್ ಎನ್ನಲಿಲ್ಲವಲ್ಲ, ಎಂಥ ಒರಟು ಹೆಂಗಸು ಎಂದು ಅವನಿಗೆ ಒಳಗೊಳಗೇ ಕೊರಗು.

ಆಪರೇಷನ್ನಿನ ಹಿಂದಿನ ಸಂಜೆ ಅವಳ ಮೇಜಿನ ಮುಂದೆ ಕುಳಿತ.

"ಗುಡ್ ನೈಟ್, ಸೀ ಯೂ ಇನ್ ದ ಮಾರ್ನಿಂಗ್. ನಾಳೆ ಥಿಯೇಟರ್ ಬಾಗ್ಲಲ್ಲಿ ನೀನು ಹೇಳ್ಬೇಕಾದ್ದು. ಎಲ್ಲಿ, ಹೇಳು."

"ಬೆಳಗಾಗೆದ್ದು ಯಾರಾದ್ರೂ ಗುಡ್ ನೈಟ್ ಅಂತಾರೇನ್ರಿ? ನೋಡಿದವರು ನಗಲ್ವಾ?"

"ನಗ್ಲಿ. ನೀನು ಹೇಳು."

"ಗುಡ್ ನೈಟ್. ಸೀ... ರೀ, ಕಾಲರ್ ಸುಟ್ಟೋಗುತ್ತೆ. ಆಮೇಲೆ ಹೇಳ್ತೀನಿ, ಏಳಿ ಆಕಡೆ."

"ಒಳಗೆ ಹೋದ್ಮೇಲೆ ಇನ್ನೆಲ್ಲಿ ಆಮೇಲೆ ಕಣೇ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟಳು. ಗಂಡನ ಮುಖ ನೋಡಿದಳು. ಅವನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದ: ಹೇಳಿಸಿಕೊಂಡವರು ಒಬ್ಬರೂ ತಪ್ಪದೆ ಎದ್ದು ಬಂದದ್ದು, ತನಗೆ ಹೇಳಲು ದಿಕ್ಕಿಲ್ಲದ್ದು. ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ.

"ಇಷ್ಟೇ ತಾನೆ? ಕಲ್ತ್ಕೋತೀನಿ ಬಿಡಿ," ಎಂದಳು.

ಕಲಿತಳು ಕೂಡ. ಒಂದೊಂದು ಅಂಗಿ ಮಡಚಿದಾಗಲೂ ಒಂದೊಂದು ಸಲ ಗಟ್ಟಿಯಾಗಿ ಹೇಳಿಕೊಂಡಳು. ಅಂದು ಆ ಬೀದಿಯ ಅಂಗಿ ಪ್ಯಾಂಟುಗಳಿಗೆಲ್ಲ ಗುಡ್ ನೈಟ್ ಸಿಕ್ಕಿತು.

ಮರುದಿನ ಸ್ಟ್ರೆಚರು ತಳ್ಳಿದವನು ಉದ್ದಣ್ಣ. ಒಂದು ಕಡೆ ದೊಡ್ಡ ಸಿಸ್ಟರು, ಇನ್ನೊಂದು ಕಡೆ ಸರಳಿಗೆ ಕೈ ಹಾಕಿಕೊಂಡು ಹೆಂಡತಿ. ಇಷ್ಟು ವರ್ಷ ನಡೆದ ಪಡಸಾಲೆಯ ಸೂರನ್ನು ಗುಡ್‌ನೈಟಪ್ಪ ಅಂದೇ ಮೊದಲು ನೋಡಿದ್ದು. ಜೇಡರ ಬಲೆ ಬೇಕಾದಷ್ಟಿತ್ತು. ಥಿಯೇಟರಿನ ಬಾಗಿಲು ಬಂತು. ಉದ್ದಣ್ಣ ಬ್ರೇಕು ಒತ್ತಿದ. ಗುಡ್‌ನೈಟಪ್ಪ ಹೆಂಡತಿಯ ಬಾಯನ್ನೇ ನೋಡಿದ.

"ಗುಡ್..." ಎಂದಳು ಅವಳು. "ಗುಡ್... ಸೀ..." ಕಲಿತದ್ದೆಲ್ಲ ಗಾಳಿಗೆ ಹಾರಿಹೋಗಿತ್ತು. ಅವಳು ದೊಡ್ಡ ಸಿಸ್ಟರಿನ ಕಡೆ ನೋಡಿದಳು. ಸಿಸ್ಟರು ಗೋಡೆಯ ಕಡೆ ನೋಡಿದರು. ಒಳಗಿನಿಂದ "ಕಳಿಸಿ" ಎಂಬ ಕೂಗು ಬಂತು. ಗುಡ್‌ನೈಟಪ್ಪನ ಹಣೆಯಲ್ಲಿ ಬೆವರು ಸಾಲುಗಟ್ಟಿತು.

ಆಗ ಅವಳು ಹೊದಿಕೆಯನ್ನು ಅವನ ಗದ್ದದವರೆಗೆ ಎಳೆದಳು. ಬಾಯಿ ತಾನಾಗಿ ತೆರೆಯಿತು.

"ಚಿಲ್ಕ ನಾನು ಹಾಕಿದೀನಿ ರೀ. ಹಿಂದಿನ ಬಾಗ್ಲೂ ಹಾಕಿದೀನಿ. ಗ್ಯಾಸೂ ನೋಡಿದೀನಿ."

ಅಷ್ಟೇ ಅಂದದ್ದು. ಗುಡ್‌ನೈಟಪ್ಪನ ಹೆಗಲು ಸಡಿಲವಾಯಿತು. ಕಣ್ಣಿನ ರೆಪ್ಪೆ ಭಾರವಾಯಿತು. ಅಭ್ಯಾಸಬಲದಿಂದ ಮಗ್ಗುಲು ಬದಲಿಸಲೂ ನೋಡಿದ, ಉದ್ದಣ್ಣ ಹಿಡಿದು ನಿಲ್ಲಿಸಿದ. ಒಳಗೆ ಮತ್ತಿನ ಔಷಧಿ ಕೊಡುವ ಡಾಕ್ಟರು ಸಿರಿಂಜು ಹಿಡಿದು ತಿರುಗಿದವರು ಹಾಗೇ ನಿಂತರು.

"ಇನ್ನೂ ಸೂಜಿನೇ ಚುಚ್ಚಿಲ್ಲ, ಗೊರಕೆ ಹೊಡೀತಿದಾನಲ್ಲ. ಯಾರು ಏನು ಕೊಟ್ರು ಇವನಿಗೆ?"



ಅವನು ಕಣ್ಣು ಬಿಟ್ಟಾಗ ಮಧ್ಯಾಹ್ನವಾಗಿತ್ತು. ಹೆಂಡತಿ ಎದುರಿಗೇ ಕುಳಿತಿದ್ದಳು. ರೆಪ್ಪೆ ಅಲ್ಲಾಡಿದ್ದನ್ನು ಕಂಡವಳೇ ಒಂದೇ ಉಸಿರಿಗೆ "ಗುಡ್ ನೈಟ್, ಸೀ ಯೂ ಇನ್ ದ ಮಾರ್ನಿಂಗ್" ಎಂದಳು.

"ಈಗ ಹೇಳ್ತೀಯಾ?"

"ಈಗ ತಾನೇ ನೆನಪಾಗಿದ್ದು."

ಮತ್ತೆ ಕೆಲಸಕ್ಕೆ ಬಂದ ಗುಡ್‌ನೈಟಪ್ಪನಿಗೆ ಹೊಸ ಹುಮ್ಮಸ್ಸು. ಇಂಗ್ಲಿಷು ತಾನೆ ಬೇಡವೆಂದದ್ದು? ಮೊದಲ ದಿನವೇ ಬಾಗಿಲ ಬಳಿ ಒಬ್ಬ ಹೆಂಗಸಿನ ಕಿವಿಯಲ್ಲಿ ಮೆಲ್ಲಗೆ, "ಚಿಲ್ಕ ಹಾಕಿದೆ ತಾಯಿ, ಗ್ಯಾಸೂ ಆಫ್ ಆಗಿದೆ," ಎಂದ.

ಅವಳು ಕಣ್ಣರಳಿಸಿದಳು. "ಅಯ್ಯೋ, ಗ್ಯಾಸು. ಹಾಲು ಇಟ್ಟು ಬಂದ್ನಾ ನಾನು? ನಿಲ್ಲಿಸಪ್ಪಾ, ಮನೆಗೆ ಫೋನ್ ಮಾಡ್ಬೇಕು." ರಕ್ತದೊತ್ತಡ ಏರಿ ಅವಳ ಆಪರೇಷನ್ನನ್ನು ಮರುದಿನಕ್ಕೆ ಹಾಕಬೇಕಾಯಿತು.

ಲಾಂಡ್ರಿಯೇ ಗತಿ ಎಂದುಕೊಂಡು ಅವನು ದೊಡ್ಡ ಸಿಸ್ಟರಿನ ಮುಂದೆ ತಲೆ ಬಗ್ಗಿಸಿ ನಿಂತ. ಅವರು ಹಣೆ ಒತ್ತಿಕೊಂಡರು.

"ನಿನ್ನ ಇಂಗ್ಲಿಷೇ ವಾಸಿ ಕಣಪ್ಪಾ. ಅದನ್ನೇ ಹೇಳ್ಕೊ. ಗಂಡಸರಿಗೆ ಮಾತ್ರ ಸ್ವಲ್ಪ ಮೆಲ್ಲಗೆ ಹೇಳು."

ಅಂದು ಮನೆಯಲ್ಲಿ ದೀಪ ಆರಿಸುವ ಹೊತ್ತಿಗೆ ಹೆಂಡತಿ ಎಂದಿನಂತೆ ಕೇಳಿದಳು.

"ಚಿಲ್ಕ ಹಾಕಿದ್ರಾ?"

"ಸೇಮ್ ಟು ಯೂ," ಎಂದ ಗುಡ್‌ನೈಟಪ್ಪ.

"ಏನಂದ್ರಿ?"

"ಹಾಕಿದೀನಿ ಅಂದೆ."